ತಂತಿಯೇ ಇಲ್ಲದ ಪಿಯಾನೋ! ನಿಮಗಿದು ಗೊತ್ತೇ?

ದೊಡ್ಡ ಗ್ರ್ಯಾಂಡ್ ಪಿಯಾನೋ ಒಂದರಲ್ಲಿ ಎಷ್ಟು ತಂತಿಗಳಿರುತ್ತವೆ, ಹೇಳಿ ನೋಡೋಣ. ಸುಮಾರು 230! ಅವೆಲ್ಲ ಸೇರಿ ಒಳಗಿನ ಕಬ್ಬಿಣದ ಚೌಕಟ್ಟನ್ನು ಎಳೆಯುವ ಬಲ 18ರಿಂದ 20 ಟನ್. ಈಗ 1986ರಲ್ಲಿ ಬಂದ ರೋಲ್ಯಾಂಡ್ ಆರ್‌ಡಿ-1000 ಎಂಬ ಡಿಜಿಟಲ್ ಸ್ಟೇಜ್ ಪಿಯಾನೋದ ಮುಚ್ಚಳ ತೆಗೆಯಿರಿ. ಕೀಗಳು ಅಷ್ಟೇ ಇವೆ, 88. ತಂತಿಗಳು? ಒಂದೇ ಒಂದೂ ಇಲ್ಲ!

ಸ್ಟೇಜ್ ಪಿಯಾನೋ ಎಂದರೆ ವೇದಿಕೆಯಿಂದ ವೇದಿಕೆಗೆ ಹೊತ್ತೊಯ್ಯಲೆಂದೇ ಮಾಡಿದ ಪಿಯಾನೋ. ಹಾಗಾದರೆ ಹಗುರವಾಗಿರಬೇಕಲ್ಲ? ಕೇಳಿ, ಆರ್‌ಡಿ-1000ರ ತೂಕ 40 ಕಿಲೋಗೂ ಹೆಚ್ಚು. ಸಿಮೆಂಟ್ ಮೂಟೆಗಿಂತ ತುಸು ಕಡಿಮೆ, ಅಷ್ಟೇ! ಆದರೂ ವಾದಕರ ಪಾಲಿಗೆ ಅದು ವರವೇ ಆಯಿತು. ಯಾಕೆಂದರೆ 9 ಅಡಿ ಉದ್ದದ ಸ್ಟೈನ್‌ವೇ ಗ್ರ್ಯಾಂಡ್ ತೂಗುವುದು ಸುಮಾರು 480 ಕಿಲೋ!

ಇದನ್ನು ಮನೆಗೆ ತಂದು, ಕರೆಂಟು ಕೊಟ್ಟು, ಖುಷಿಯಿಂದ ನುಡಿಸಿದಿರಿ ಎನ್ನಿ. ಏನು ಕೇಳಿಸುತ್ತದೆ? ಬರೀ ಟಕ್ ಟಕ್! ಹಳೆಯ ಸ್ಟೇಜ್ ಪಿಯಾನೋಗಳಲ್ಲಿ ಹೆಚ್ಚಿನವಕ್ಕೆ ಸ್ಪೀಕರೇ ಇಲ್ಲ. ಹೆಡ್‌ಫೋನೋ ಆಂಪ್ಲಿಫೈಯರೋ ಜೋಡಿಸುವವರೆಗೆ ಅದು ಮೌನವ್ರತದಲ್ಲೇ ಇರುತ್ತದೆ!

ಇನ್ನು ಇದರಲ್ಲಿ ಎಷ್ಟು ಬಗೆಯ ದನಿಗಳಿವೆ, ಊಹಿಸಿ. ಇಂದು ಮಕ್ಕಳ ಕಲಿಕೆಗೆ ಕೊಡಿಸುವ ಅಗ್ಗದ ಕೀಬೋರ್ಡಿನಲ್ಲೂ ನೂರಾರು ಇರುತ್ತವೆ. ಆರ್‌ಡಿ-1000ರಲ್ಲಿ ಎಂಟೇ ಎಂಟು! ಮೂರು ಪಿಯಾನೋ, ಎರಡು ಎಲೆಕ್ಟ್ರಿಕ್ ಪಿಯಾನೋ, ಒಂದು ಹಾರ್ಪ್ಸಿಕಾರ್ಡ್, ಒಂದು ಕ್ಲಾವಿನೆಟ್, ಒಂದು ವೈಬ್ರಾಫೋನ್. ಮುಗಿಯಿತು.

ಅಷ್ಟು ಕಡಿಮೆ ಇದ್ದರೂ ಅದನ್ನು ಯಾರು ನುಡಿಸಿದರು ಗೊತ್ತೇ? ಎಲ್ಟನ್ ಜಾನ್! ಲೋಕದ ಯಾವ ಗ್ರ್ಯಾಂಡ್ ಪಿಯಾನೋ ಬೇಕೆಂದರೂ ತರಿಸಿಕೊಳ್ಳಬಲ್ಲ ಆ ಮನುಷ್ಯ 80ರ ದಶಕದ ಕೊನೆಯಲ್ಲಿ ಈ ತಂತಿಯಿಲ್ಲದ ಪೆಟ್ಟಿಗೆಯ ಮುಂದೆ ಕುಳಿತರು. 1989ರ ಅವರ ಆಲ್ಬಮ್ ‘ಸ್ಲೀಪಿಂಗ್ ವಿತ್ ದ ಪಾಸ್ಟ್’ನಲ್ಲೂ ಇದರ ದನಿಯಿದೆ. ಅದೇ ಆಲ್ಬಮ್ಮಿನ ಹಾಡೊಂದು 1990ರಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೇರಿತು. ಅಲ್ಲಿ ಎಲ್ಟನ್ ಜಾನ್ ಒಬ್ಬರೇ ಹಾಡಿ ಮೊದಲ ಸ್ಥಾನ ಪಡೆದದ್ದು ಅದೇ ಮೊದಲು!

ಈ ಪೆಟ್ಟಿಗೆಯಿಂದ ದನಿ ಬರುವುದಾದರೂ ಹೇಗೆ? ಆ ಕಾಲದ ಹಲವು ಕಂಪನಿಗಳು ನಿಜವಾದ ಪಿಯಾನೋ ರೆಕಾರ್ಡ್ ಮಾಡಿ ಚಿಪ್ಪಿಗೆ ತುಂಬುತ್ತಿದ್ದವು. ರೋಲ್ಯಾಂಡ್ ಬೇರೆ ದಾರಿ ಹಿಡಿಯಿತು. ಪಿಯಾನೋ ನಾದವನ್ನು ಬಿಡಿಸಿ ಲೆಕ್ಕಹಾಕಿ, ನೀವು ಕೀ ಒತ್ತಿದ ಕ್ಷಣದಲ್ಲೇ ಮತ್ತೆ ಕಟ್ಟುವ ವಿಧಾನ ಅದರದ್ದು. ಹೆಸರು ಎಸ್‌ಎ ಸಿಂಥಸಿಸ್. ಮೆಲ್ಲಗೆ ಒತ್ತಿದರೆ ಒಂದು ಬಣ್ಣ, ಜೋರಾಗಿ ಒತ್ತಿದರೆ ಇನ್ನೊಂದು. ನಡುವೆ ಎಲ್ಲೂ ಜಿಗಿತವಿಲ್ಲ, ನುಣ್ಣಗೆ ಏರುತ್ತದೆ! ಹಳಬರು ಇವತ್ತಿಗೂ ಇದನ್ನು ಬಿಡದಿರುವುದಕ್ಕೆ ಇದೇ ಮುಖ್ಯ ಕಾರಣ ಎಂದು ನನಗನ್ನಿಸುತ್ತದೆ. ಬೆರಳಿಗೂ ಕಿವಿಗೂ ನಡುವೆ ಅಷ್ಟು ಹತ್ತಿರದ ನಂಟು ಎಷ್ಟೋ ಹೊಸ ವಾದ್ಯಗಳಲ್ಲೂ ಸಿಗುವುದಿಲ್ಲ.

ಇನ್ನೊಂದು ಮಜಾ ಕೇಳಿ. 2017ರಲ್ಲಿ ರೋಲ್ಯಾಂಡ್ ಆರ್‌ಡಿ-2000 ಎಂಬ ಹೊಸ ಸ್ಟೇಜ್ ಪಿಯಾನೋ ತಂದಿತು. ಅದರೊಳಗೆ ಕೂಡಿಸಿದ ದನಿಗಳಲ್ಲಿ ಒಂದು, ಹಳೆಯ ಆರ್‌ಡಿ-1000ರದ್ದು! ಅಂದರೆ ನಿಜವಾದ ಪಿಯಾನೋವನ್ನು ಅನುಕರಿಸಿದ ಪಿಯಾನೋವನ್ನು ಅನುಕರಿಸುವ ಪಿಯಾನೋ. ತಲೆ ತಿರುಗಿತೇ?

ನಿಮಗಿರುವುದು ಹತ್ತು ಬೆರಳು. ಹಾಗಾದರೆ ಪಿಯಾನೋ ಒಮ್ಮೆಗೆ ಹತ್ತು ಸ್ವರ ನುಡಿದರೆ ಸಾಲದೇ? ಸಾಲದು! ಬಲಗಡೆಯ ಪೆಡಲ್ ಒತ್ತಿ ಹಿಡಿದರೆ ನುಡಿಸಿದ ಸ್ವರಗಳೆಲ್ಲ ಮೊಳಗುತ್ತಲೇ ಇರಬೇಕು. ಆರ್‌ಡಿ-1000 ಒಮ್ಮೆಗೆ ಹಿಡಿದಿಟ್ಟುಕೊಳ್ಳಬಲ್ಲದ್ದು ಹೆಚ್ಚೆಂದರೆ 16 ಸ್ವರ. ಹದಿನೇಳನೆಯದು ಬಂದರೆ? ಸದ್ದಿಲ್ಲದೆ ಹಳೆಯದೊಂದನ್ನು ಕದ್ದು ಜಾಗ ಮಾಡಿಕೊಡುತ್ತದೆ! ಕಳ್ಳತನವೆಂದರೆ ಕಳ್ಳತನವೇ. ಆದರೆ ಯಾವ ಸ್ವರ ಕದ್ದರೆ ಕೇಳುಗರಿಗೆ ಗೊತ್ತಾಗದು ಎಂಬ ಲೆಕ್ಕಾಚಾರದಲ್ಲೇ ಎಂಜಿನಿಯರುಗಳ ಜಾಣತನವೆಲ್ಲ ಇತ್ತು.

ಬೇಕಿದ್ದರೆ ನೀವೇ ಪರೀಕ್ಷಿಸಿ. ಹಳೆಯ ಡಿಜಿಟಲ್ ಪಿಯಾನೋ ಎಲ್ಲಾದರೂ ಸಿಕ್ಕರೆ ಪೆಡಲ್ ಒತ್ತಿ, ಎಡತುದಿಯ ಒಂದು ಮಂದ್ರ ಸ್ವರ ನುಡಿಸಿ. ಪೆಡಲ್ ಬಿಡಬೇಡಿ. ಈಗ ಬಲಗಡೆಯ ಸ್ವರಗಳನ್ನು ಸರಸರನೆ ನುಡಿಸುತ್ತಾ ಹೋಗಿ. ಒಂದು ಹಂತದಲ್ಲಿ ಆ ಮಂದ್ರ ಸ್ವರ ಮಾಯ!

ಆ ಕಾಲದಲ್ಲಿ ಮೆಮರಿ ಚಿಪ್ಪಿನ ಬೆಲೆ ಆಕಾಶದಲ್ಲಿತ್ತು. ನಿಜವಾದ ಪಿಯಾನೋದ ಒಂದು ಮಂದ್ರ ಸ್ವರ ಅರ್ಧ ನಿಮಿಷ ಮೊಳಗಬಲ್ಲದು. ಅಷ್ಟನ್ನೂ ತುಂಬಲು ಜಾಗವೆಲ್ಲಿ? ಅದಕ್ಕೆ ರೆಕಾರ್ಡಿಂಗ್ ನೆಚ್ಚಿಕೊಂಡ ಕಂಪನಿಗಳವರು ಮೊದಲ ತುಣುಕು ಮಾತ್ರ ರೆಕಾರ್ಡ್ ಮಾಡಿ, ಕೊನೆಯ ಚೂರನ್ನು ಗಿರಗಿರನೆ ಮತ್ತೆ ಮತ್ತೆ ತಿರುಗಿಸುತ್ತಾ, ದನಿಯನ್ನು ಮೆಲ್ಲಗೆ ಇಳಿಸುತ್ತಿದ್ದರು. ನೀವು ಕೇಳಿ ತಲೆದೂಗುವ ಆ ದೀರ್ಘ ಅನುರಣನ ಒಂದು ಪುಟಾಣಿ ಚೂರಿನ ಪುನರಾವರ್ತನೆ!

ಮತ್ತೊಂದು ಉಪಾಯವೂ ಇತ್ತು. ಪ್ರತಿ ಕೀಗೂ ಬೇರೆ ರೆಕಾರ್ಡಿಂಗ್ ಇಲ್ಲ. ಒಂದು ಸ್ವರ ರೆಕಾರ್ಡ್ ಮಾಡಿ, ಅದನ್ನೇ ಎಳೆದು ಹಿಗ್ಗಿಸಿ ಅಕ್ಕಪಕ್ಕದ ಕೀಗಳಿಗೂ ಹಂಚುತ್ತಿದ್ದರು. ಕಿವಿಗೊಟ್ಟು ಒಂದೊಂದೇ ಕೀ ಒತ್ತುತ್ತಾ ಬನ್ನಿ. ಒಂದು ಕಡೆ ಫಕ್ಕನೆ ದನಿಯ ಬಣ್ಣ ಬದಲಾಗುತ್ತದೆ. ಅಲ್ಲೇ ಗಡಿ!

1988ರ ಕೋರ್ಗ್ ಎಂ1 ವಾದ್ಯದಲ್ಲಿ ದನಿಗಳಿಗೆಲ್ಲ ಸೇರಿ ಇದ್ದ ಮೆಮರಿ 4 ಮೆಗಾಬೈಟ್. ನಿಮ್ಮ ಫೋನಿನ ಒಂದು ಫೋಟೋಗೇ ಅಷ್ಟು ಬೇಕು! ಅದರ ಪಿಯಾನೋ ದನಿ ಯಾವ ಅಸಲಿ ಪಿಯಾನೋವನ್ನೂ ಹೋಲುತ್ತಿರಲಿಲ್ಲ. ಆದರೆ ಆ ಚುರುಕು, ಆ ಹೊಳಪು ಹೌಸ್ ಸಂಗೀತದವರಿಗೆ ಎಷ್ಟು ಹಿಡಿಸಿತೆಂದರೆ, ಇಂದಿಗೂ ನೃತ್ಯಸಂಗೀತ ಮಾಡುವವರು ಅದೇ ದನಿ ಬೇಕೆಂದು ಹುಡುಕಿಕೊಂಡು ಹೋಗುತ್ತಾರೆ!

ಈಗ ಒಂದು ನಿಜಕಥೆ. 1965ರಲ್ಲಿ ಅಮೆರಿಕದ ಟಿವಿ ಕಾರ್ಯಕ್ರಮವೊಂದಕ್ಕೆ 17 ವರ್ಷದ ಹುಡುಗನೊಬ್ಬ ಬಂದ. ಪಿಯಾನೋದಲ್ಲಿ ಪುಟ್ಟ ರಚನೆಯೊಂದನ್ನು ನುಡಿಸಿದ. ಇವನ ಗುಟ್ಟೇನು ಎಂದು ಅಲ್ಲಿದ್ದವರು ಪತ್ತೆ ಹಚ್ಚಬೇಕು. ಗುಟ್ಟು ಏನು ಗೊತ್ತೇ? ಆ ಸಂಗೀತ ರಚಿಸಿದ್ದು ಅವನೇ ಕಟ್ಟಿದ ಕಂಪ್ಯೂಟರ್! ಹುಡುಗನ ಹೆಸರು ರೇ ಕರ್ಜ್‌ವೈಲ್.

ಅದೇ ಕರ್ಜ್‌ವೈಲ್ 1976ರಲ್ಲಿ ಅಂಧರಿಗಾಗಿ ಪುಸ್ತಕ ಓದಿ ಹೇಳುವ ಯಂತ್ರ ಮಾಡಿದರು. ಮುದ್ರಿತ ಪುಟ ಇಟ್ಟರೆ ಸಾಕು, ಯಂತ್ರವೇ ಗಟ್ಟಿಯಾಗಿ ಓದುತ್ತಿತ್ತು. ಅದನ್ನು ಕೊಂಡ ಮೊದಮೊದಲಿಗರಲ್ಲಿ ಒಬ್ಬರು ಯಾರು? ಸ್ಟೀವಿ ವಂಡರ್! ಹುಟ್ಟಿದ ಹೊಸದರಲ್ಲೇ ದೃಷ್ಟಿ ಕಳೆದುಕೊಂಡ ಆ ಮಹಾ ಗಾಯಕ.

ಇಬ್ಬರ ಸ್ನೇಹ ಬೆಳೆಯಿತು. 1982ರಲ್ಲಿ ಸ್ಟೀವಿ ವಂಡರ್ ಒಂದು ಪ್ರಶ್ನೆ ಮುಂದಿಟ್ಟರು. ಎಲೆಕ್ಟ್ರಾನಿಕ್ ವಾದ್ಯಗಳನ್ನು ಬೇಕಾದ ಹಾಗೆ ಆಟ ಆಡಿಸಬಹುದು, ಆದರೆ ನಾದ ಬಡಕಲು. ನಿಜವಾದ ವಾದ್ಯಗಳ ನಾದ ತುಂಬು, ಆದರೆ ಹಿಡಿತಕ್ಕೆ ಸಿಗುವುದಿಲ್ಲ. ಎರಡನ್ನೂ ಕೂಡಿಸಲಾಗದೇ? ಅದಕ್ಕೆ ಉತ್ತರವಾಗಿ 1984ರಲ್ಲಿ ಬಂದದ್ದೇ ಕರ್ಜ್‌ವೈಲ್ ಕೆ250! ಓದುವ ಯಂತ್ರದ ಗಿರಾಕಿಯೊಬ್ಬರು ಕೇಳಿದ ಪ್ರಶ್ನೆಯಿಂದ ಪಿಯಾನೋ ಹುಟ್ಟಿತು!

ಕೆ250ಕ್ಕೆ ತೂಕದ 88 ಮರದ ಕೀಗಳು. ಬೆಲೆ 10,000 ಡಾಲರಿಗೂ ಹೆಚ್ಚು. ಒಮ್ಮೆಗೆ ನುಡಿಯುವ ಸ್ವರಗಳು? ಬರೀ 12! ಹೊಸ ದನಿಗಳನ್ನು ಉಳಿಸಿಡಬೇಕೆಂದರೆ ಪಕ್ಕಕ್ಕೊಂದು ಆಪಲ್ ಮ್ಯಾಕಿಂಟಾಶ್ ಕಂಪ್ಯೂಟರ್ ಜೋಡಿಸಬೇಕಿತ್ತು.

ಸಿಂಥಸೈಜರ್ ಎಂದರೆ ಮೂಗ್ ಎನ್ನುವಷ್ಟು ಹೆಸರಾದ ಬಾಬ್ ಮೂಗ್ ಗೊತ್ತಲ್ಲ? 80ರ ದಶಕದಲ್ಲಿ ಅವರೂ ಇದೇ ಕರ್ಜ್‌ವೈಲ್ ಕಂಪನಿಯಲ್ಲಿ ಕೆಲಸ ಮಾಡಿದರು. ಇನ್ನು ರೇ ಕರ್ಜ್‌ವೈಲ್? 2012ರಲ್ಲಿ ಗೂಗಲ್ ಸೇರಿದರು!

ಬನ್ನಿ, ಈಗ ಕೀಯ ಕೆಳಗೆ ಇಣುಕೋಣ. ನೀವು ಕೀಯನ್ನು ಎಷ್ಟು ಜೋರಾಗಿ ಒತ್ತಿದಿರಿ ಎಂಬುದು ಡಿಜಿಟಲ್ ಪಿಯಾನೋಗೆ ಗೊತ್ತೇ ಆಗುವುದಿಲ್ಲ! ನಂಬಲು ಕಷ್ಟ, ಅಲ್ಲವೇ? ಸಾಮಾನ್ಯವಾಗಿ ಪ್ರತಿ ಕೀಯ ಅಡಿಯಲ್ಲಿ ಎರಡು ಸ್ವಿಚ್ಚುಗಳಿರುತ್ತವೆ. ಕೀ ಇಳಿಯುವಾಗ ಮೊದಲು ಒಂದು ತಾಗುತ್ತದೆ, ಆಮೇಲೆ ಇನ್ನೊಂದು. ಎರಡರ ನಡುವೆ ಕಳೆದ ಸಮಯವನ್ನಷ್ಟೇ ಅದು ಅಳೆಯುತ್ತದೆ. ಸಮಯ ಕಡಿಮೆಯಾದರೆ ಜೋರು ದನಿ, ಹೆಚ್ಚಾದರೆ ಮೆಲುದನಿ. 88 ಕೀಗೆ 176 ಸ್ವಿಚ್ಚುಗಳು. ನಿಮ್ಮ ಭಾವವೆಲ್ಲ ಮಿಲಿಸೆಕೆಂಡುಗಳಲ್ಲಿ ತೂಗಲ್ಪಡುತ್ತದೆ!

ಅದು ಮೋಸ ಎನ್ನಬೇಡಿ. ನಿಜವಾದ ಪಿಯಾನೋದಲ್ಲೂ ಸುತ್ತಿಗೆ ಎಷ್ಟು ವೇಗವಾಗಿ ಹೋಗಿ ತಂತಿಗೆ ಬಡಿಯಿತು ಎಂಬುದೇ ಲೆಕ್ಕ. ಬಡಿಯುವ ಮುನ್ನವೇ ಸುತ್ತಿಗೆ ಕೀಯಿಂದ ಬಿಡಿಸಿಕೊಂಡು ಹಾರಿರುತ್ತದೆ!

ಆ ಸ್ವಿಚ್ಚುಗಳು ರಬ್ಬರಿನವು, ತುದಿಯಲ್ಲಿ ಕರಿಯ ಇಂಗಾಲದ ಲೇಪ. ವರ್ಷಗಳು ಕಳೆದಂತೆ ಅಲ್ಲಿ ಧೂಳು ಕೂರುತ್ತದೆ. ಆಗ ಏನಾಗುತ್ತದೆ ಗೊತ್ತೇ? ಕೆಲವು ಕೀಗಳು ಮೂಕವಾಗುತ್ತವೆ. ಕೆಲವು ಮೆಲ್ಲಗೆ ಮುಟ್ಟಿದರೂ ಕಿರುಚುತ್ತವೆ! ಸಾವಧಾನದ ಹಾಡಿನ ನಡುವೆ ಒಂದೇ ಒಂದು ಸ್ವರ ಫಟ್ಟನೆ ಸಿಡಿದರೆ ಗಾಬರಿ ಬೇಡ. ಹೆಚ್ಚಿನ ಸಲ ಹತ್ತಿ ಸುತ್ತಿದ ಕಡ್ಡಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿದರೆ ವಾದ್ಯ ಮತ್ತೆ ಸಾಧುವಾಗುತ್ತದೆ.

ತಂತಿಯೇ ಇಲ್ಲದ ಮೇಲೆ ಸುತ್ತಿಗೆ ಏಕೆ? ಆದರೂ ಬಹಳಷ್ಟು ಡಿಜಿಟಲ್ ಪಿಯಾನೋಗಳಲ್ಲಿ ಸುತ್ತಿಗೆಗಳಿವೆ! ಅವು ಯಾವುದಕ್ಕೂ ಬಡಿದು ನಾದ ಹೊರಡಿಸುವುದಿಲ್ಲ. ಬೆರಳಿಗೆ ತೂಕ ಕೊಡುವುದಷ್ಟೇ ಕೆಲಸ. ಎಡಗಡೆಯ ಕೀಗಳು ಭಾರ, ಬಲಕ್ಕೆ ಹೋದಂತೆ ಹಗುರ. ಯಾಕೆಂದರೆ ಅಸಲಿ ಪಿಯಾನೋದ ಮಂದ್ರದ ಸುತ್ತಿಗೆಗಳು ದೊಡ್ಡವು.

ಇಟಲಿಯ ರೆಕನಾಟಿ ಎಂಬ ಪುಟ್ಟ ಊರು ಮಹಾಕವಿ ಲಿಯೊಪಾರ್ಡಿ ಹುಟ್ಟಿದ ಊರು. ಅಲ್ಲಿಯದೇ ಫಟಾರ್ ಎಂಬ ಕಂಪನಿ ಮಾಡುವುದು ಮುಖ್ಯವಾಗಿ ಕೀಗಳನ್ನು. ಅವುಗಳನ್ನು ಕೊಳ್ಳುವವರು ಯಾರು? ಒಬ್ಬರಿಗೊಬ್ಬರು ಎದುರಾಳಿಗಳಾದ ಹಲವು ಪಿಯಾನೋ ಕಂಪನಿಗಳು! ಪೆಟ್ಟಿಗೆಯ ಮೇಲಿನ ಹೆಸರು ಬೇರೆ ಬೇರೆ. ಬೆರಳಿಗೆ ತಾಗುವುದು ಒಂದೇ ಊರಿನ ಕೆಲಸ!

ಡಿಜಿಟಲ್ ಪಿಯಾನೋ ಶ್ರುತಿ ತಪ್ಪುವುದಿಲ್ಲ ಎನ್ನುತ್ತಾರಲ್ಲ? ಅಚ್ಚರಿ ಕೇಳಿ. ಎಷ್ಟೋ ಡಿಜಿಟಲ್ ಪಿಯಾನೋಗಳನ್ನು ಬೇಕೆಂದೇ ಕೊಂಚ ತಪ್ಪಾಗಿ ಶ್ರುತಿ ಮಾಡಿರುತ್ತಾರೆ! ನಿಜವಾದ ತಂತಿಗಳು ಗಡುಸು. ಅವುಗಳಿಂದ ಹುಟ್ಟುವ ಮೇಲಿನ ಉಪಸ್ವರಗಳು ಲೆಕ್ಕಕ್ಕಿಂತ ಸ್ವಲ್ಪ ಮೇಲೆ ಹೋಗುತ್ತವೆ. ಅದಕ್ಕೆ ಹೊಂದಿಸಲು ಶ್ರುತಿ ಮಾಡುವವರು ತಾರದ ಸ್ವರಗಳನ್ನು ಕೊಂಚ ಏರಿಸುತ್ತಾರೆ, ಮಂದ್ರವನ್ನು ಕೊಂಚ ಇಳಿಸುತ್ತಾರೆ. ನಮ್ಮ ಕಿವಿಗೆ ಪಿಯಾನೋ ಎಂದರೆ ಅದೇ ಅಭ್ಯಾಸವಾಗಿದೆ. ಡಿಜಿಟಲ್ ಪಿಯಾನೋ ಆ ವಕ್ರತೆಯನ್ನೂ ಚಾಚೂ ತಪ್ಪದೆ ನಕಲು ಮಾಡುತ್ತದೆ!

ಇನ್ನು ಹೆರಾಲ್ಡ್ ರೋಡ್ಸ್ ಕಥೆ. ಇದನ್ನು ಓದದೆ ಮುಂದೆ ಹೋಗಬೇಡಿ. ಎರಡನೇ ಮಹಾಯುದ್ಧದ ಕಾಲ. ಗಾಯಗೊಂಡ ಸೈನಿಕರು ಆಸ್ಪತ್ರೆಯ ಹಾಸಿಗೆ ಬಿಟ್ಟು ಏಳಲಾರರು. ಅವರಿಗೆ ಸಂಗೀತ ಕಲಿಸಬೇಕು, ಆದರೆ ಹಾಸಿಗೆಯ ಬಳಿಗೆ ಪಿಯಾನೋ ತರುವುದು ಹೇಗೆ? ರೋಡ್ಸ್ ಒಂದು ಉಪಾಯ ಮಾಡಿದರು. ಬಿ-17 ಬಾಂಬರ್ ವಿಮಾನಗಳ ಗುಜರಿ ಅಲ್ಯೂಮಿನಿಯಂ ಕೊಳವೆಗಳನ್ನು ಕತ್ತರಿಸಿ, ತೊಡೆಯ ಮೇಲಿಟ್ಟು ನುಡಿಸುವ ಪುಟ್ಟ ಪಿಯಾನೋ ಮಾಡಿದರು. ಬಾಂಬು ಹಾಕುವ ವಿಮಾನದ ಚೂರುಗಳಿಂದ ಗಾಯಾಳುಗಳ ಮಡಿಲಲ್ಲಿ ಸಂಗೀತ!

ಆ ಹಾದಿಯಲ್ಲೇ ಮುಂದೆ ರೋಡ್ಸ್ ಎಲೆಕ್ಟ್ರಿಕ್ ಪಿಯಾನೋ ಬಂತು. ಅದರಲ್ಲಿ ತಂತಿ ಇಲ್ಲ, ಲೋಹದ ಕಡ್ಡಿಗಳಿವೆ. ಸುತ್ತಿಗೆ ಬಡಿದಾಗ ಕಡ್ಡಿ ಕಂಪಿಸುತ್ತದೆ, ಪಕ್ಕದ ಅಯಸ್ಕಾಂತದ ಪಿಕಪ್ ಅದನ್ನು ಹಿಡಿಯುತ್ತದೆ. 70ರ ದಶಕದ ಜಾಝ್ ಮತ್ತು ಪಾಪ್ ಸಂಗೀತದ ತುಂಬ ಅದರದೇ ಗುಂಗು.

1987ರಲ್ಲಿ ರೋಡ್ಸ್ ಎಂಬ ಹೆಸರನ್ನು ಕೊಂಡದ್ದು ಯಾರು? ರೋಲ್ಯಾಂಡ್! 1989ರಲ್ಲಿ ಅದೇ ಹೆಸರು ಅಂಟಿಸಿ ಎಂಕೆ-80 ಎಂಬ ಡಿಜಿಟಲ್ ಸ್ಟೇಜ್ ಪಿಯಾನೋ ತಂದಿತು. ಒಳಗೆ ಒಂದು ಲೋಹದ ಕಡ್ಡಿಯೂ ಇಲ್ಲ. ಹೆರಾಲ್ಡ್ ರೋಡ್ಸ್ ಅವರಿಗೆ ಇದು ಸ್ವಲ್ಪವೂ ಒಪ್ಪಿಗೆಯಾಗಲಿಲ್ಲ. ಆದರೆ ಇಂದು? ಆ ಎಂಕೆ-80ಯನ್ನೂ ಹಳೆಯ ವಾದ್ಯಗಳ ಪ್ರೇಮಿಗಳು ಮುದ್ದಾಗಿ ಕಾಪಾಡಿಕೊಳ್ಳುತ್ತಾರೆ! ಇಬ್ಬರ ಪಕ್ಷವೂ ನನಗೆ ಅರ್ಥವಾಗುತ್ತದೆ. ಅಸಲಿಯಲ್ಲದಿದ್ದರೂ ಅದರ ನಾದ ಬಲು ಇಂಪು.

1997ರಲ್ಲಿ ಹೆರಾಲ್ಡ್ ರೋಡ್ಸ್ ತಮ್ಮ ಹೆಸರಿನ ಹಕ್ಕನ್ನು ಮರಳಿ ಪಡೆದೇ ಪಡೆದರು. ಆಗ ಅವರಿಗೆ 86 ವರ್ಷ!

ರೋಡ್ಸ್ ಪಿಯಾನೋವನ್ನು ವೇದಿಕೆಯಿಂದ ಇಳಿಸಿದ್ದು 1983ರ ಯಮಹಾ ಡಿಎಕ್ಸ್7. ಅದರ ಹಿಂದಿನ ಕಥೆ ಇನ್ನೂ ವಿಚಿತ್ರ. 1967ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜಾನ್ ಚೌನಿಂಗ್ ಎಂಬ ಸಂಗೀತಗಾರ ಕಂಪ್ಯೂಟರಿನಲ್ಲಿ ಸ್ವರವನ್ನು ಅಲುಗಿಸುತ್ತಾ ಕುಳಿತಿದ್ದರು. ಕಂಪನದ ವೇಗ ಹೆಚ್ಚಿಸಿದರು. ಇನ್ನೂ ಹೆಚ್ಚಿಸಿದರು. ಒಂದು ಹಂತ ದಾಟಿದ ಮೇಲೆ ಅಲುಗಾಟ ಕೇಳಿಸುವುದೇ ನಿಂತು, ಬೇರೆಯದೇ ದನಿ ಹುಟ್ಟಿತು! ಎಫ್‌ಎಂ ಸಿಂಥಸಿಸ್ ಸಿಕ್ಕಿದ್ದು ಹಾಗೆ.

ಅಮೆರಿಕದ ದೊಡ್ಡ ಆರ್ಗನ್ ಕಂಪನಿಗಳಿಗೆ ಅದರ ಬೆಲೆ ತಿಳಿಯಲಿಲ್ಲ. ಯಮಹಾ ಕೈಚಾಚಿ ಕೊಂಡಿತು. ಇತ್ತ ಸ್ಟ್ಯಾನ್‌ಫರ್ಡ್ ಚೌನಿಂಗ್ ಅವರ ಕೆಲಸವನ್ನು ಕಾಯಂ ಮಾಡಲಿಲ್ಲ! ಆಮೇಲೆ ಮತ್ತೆ ಕರೆಸಿಕೊಂಡಿತು. ಅವರ ಪೇಟೆಂಟಿನಿಂದ ವಿಶ್ವವಿದ್ಯಾಲಯಕ್ಕೆ ಬಂದ ಹಣ 2 ಕೋಟಿ ಡಾಲರಿಗೂ ಹೆಚ್ಚು!

ಡಿಎಕ್ಸ್7ಕ್ಕೆ ಇದ್ದದ್ದು 61 ಕೀ. ಅದೇ ಎಫ್‌ಎಂ ತಂತ್ರದಿಂದ 88 ಕೀಯ ಪಿಯಾನೋ ಬೇಕೆಂದವರಿಗೆ ಯಮಹಾ ಅದೇ ಕಾಲಕ್ಕೆ ಪಿಎಫ್15 ಕೊಟ್ಟಿತು. ಒಳಗೆ ಪಿಯಾನೋದ ರೆಕಾರ್ಡಿಂಗ್ ಒಂದು ಕ್ಷಣದಷ್ಟೂ ಇಲ್ಲ. ಬರೀ ಲೆಕ್ಕ!

ಯಮಹಾ ಲಾಂಛನ ನೋಡಿದ್ದೀರಲ್ಲ? ಅಡ್ಡಲಾಗಿ ಸೇರಿಕೊಂಡ ಆ ಮೂರು ಆಕಾರಗಳು ಏನು? ಶ್ರುತಿ ನೋಡುವ ಕವೆಗಳು! ನಮ್ಮ ರಸ್ತೆಗಳಲ್ಲಿ ಗುಡುಗಿದ ಆರ್‌ಎಕ್ಸ್100 ಬೈಕಿನ ಹೆಸರೂ ಪಿಯಾನೋದ ಹೆಸರೂ ಒಂದೇ ಮನೆತನದವು. ಬೈಕ್ ಕಂಪನಿ 1955ರಲ್ಲಿ ಬೇರೆಯಾಯಿತು. ಎರಡೂ ಲಾಂಛನ ಪಕ್ಕಪಕ್ಕ ಇಟ್ಟು ನೋಡಿ. ಪಿಯಾನೋದ್ದರಲ್ಲಿ ಕವೆಗಳು ವೃತ್ತದ ಒಳಗೇ ಇರುತ್ತವೆ, ಬೈಕಿನದರಲ್ಲಿ ಅಂಚಿನವರೆಗೂ ಚಾಚಿರುತ್ತವೆ!

ಆ ಮನೆತನದ ಮೂಲಪುರುಷ ತೊರಾಕುಸು ಯಮಹಾ ಮೊದಲು ರಿಪೇರಿ ಮಾಡುತ್ತಿದ್ದದ್ದು ವೈದ್ಯಕೀಯ ಉಪಕರಣಗಳನ್ನು. 1887ರಲ್ಲಿ ಹಮಾಮಾತ್ಸು ಊರಿನ ಶಾಲೆಯ ಕೆಟ್ಟ ಆರ್ಗನ್ ಸರಿಪಡಿಸಿದರು. ನಾನೇ ಒಂದು ಮಾಡಬಾರದೇಕೆ ಎಂದು ಹೊರಟರು. ಮಾಡಿದ ಆರ್ಗನ್ನನ್ನು ಹೆಗಲಿಗೆ ಹೊತ್ತು, ಜೊತೆಗಾರನೊಂದಿಗೆ ಹಕೋನೆ ಬೆಟ್ಟಗಳನ್ನು ದಾಟಿ, ಸುಮಾರು 250 ಕಿಲೋಮೀಟರ್ ದೂರದ ಟೋಕಿಯೋಗೆ ಒಯ್ದರು. ಅಲ್ಲಿನ ಸಂಗೀತ ಶಾಲೆಯವರು ಏನೆಂದರು? ಶ್ರುತಿ ಸರಿಯಿಲ್ಲ! ಅವರು ಎದೆಗುಂದಲಿಲ್ಲ. ಅಲ್ಲೇ ನಿಂತು ಸಂಗೀತಶಾಸ್ತ್ರ ಕಲಿತು, ಮತ್ತೊಂದು ಮಾಡಿದರು!

ರೋಲ್ಯಾಂಡ್ ಸ್ಥಾಪಿಸಿದ ಇಕುಟಾರೊ ಕಾಕೆಹಾಶಿ ಹದಿನಾರನೇ ವಯಸ್ಸಿನಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟವರು. ಯೌವನದಲ್ಲಿ ಕ್ಷಯ ತಗುಲಿ ವರ್ಷಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿದರು. ಆಗಷ್ಟೇ ಬಂದಿದ್ದ ಸ್ಟ್ರೆಪ್ಟೊಮೈಸಿನ್ ಔಷಧ ಅವರನ್ನು ಉಳಿಸಿತು. 1972ರಲ್ಲಿ ಒಸಾಕಾದಲ್ಲಿ ರೋಲ್ಯಾಂಡ್ ತೆರೆದರು. ಎರಡೇ ವರ್ಷದಲ್ಲಿ, ಬೆರಳಿನ ರಭಸಕ್ಕೆ ತಕ್ಕಂತೆ ದನಿ ಏರಿಸಿ ಇಳಿಸುವ ಎಲೆಕ್ಟ್ರಾನಿಕ್ ಪಿಯಾನೋವನ್ನು ಜಗತ್ತಿಗೆ ಮೊದಲು ಕೊಟ್ಟರು!

ಕ್ಯಾಸಿಯೋ ಎಂದರೆ ಕ್ಯಾಲ್ಕುಲೇಟರ್ ನೆನಪಾಗುತ್ತದೆಯೇ? ಆ ಕುಟುಂಬ ಮೊದಲು ಹೆಸರು ಮಾಡಿದ್ದು ಬೆರಳಿಗೆ ಉಂಗುರದಂತೆ ತೊಟ್ಟುಕೊಳ್ಳುವ ಸಿಗರೇಟ್ ಕೊಳವೆಯಿಂದ!

ಎನ್ಸಾನಿಕ್ ಎಂಬ ಅಮೆರಿಕದ ಕಂಪನಿಯೂ 1986ರಲ್ಲಿ ಡಿಜಿಟಲ್ ಪಿಯಾನೋ ತಂದಿತ್ತು. ಅದರ ಸ್ಥಾಪಕರಲ್ಲಿ ಒಬ್ಬರಾದ ಬಾಬ್ ಯಾನ್ಸ್ ಯಾರು ಗೊತ್ತೇ? ಕಾಮಡೋರ್ 64 ಕಂಪ್ಯೂಟರಿನ ಆಟಗಳಿಗೆ ದನಿ ಕೊಟ್ಟ ಚಿಪ್ ರೂಪಿಸಿದವರು!

ಸ್ವೀಡನ್ನಿನ ಕಡುಗೆಂಪು ನಾರ್ಡ್ ವಾದ್ಯಗಳನ್ನು ವೇದಿಕೆಗಳಲ್ಲಿ ನೋಡಿರುತ್ತೀರಿ. 1995ರ ನಾರ್ಡ್ ಲೀಡ್‌ನಲ್ಲಿ ದನಿ ಅಲುಗಿಸುವ ಚಕ್ರ ಪ್ಲಾಸ್ಟಿಕ್ಕಿನದಲ್ಲ. ಕಲ್ಲಿನದು!

ಹಳೆಯ ಡಿಜಿಟಲ್ ಪಿಯಾನೋ ಕೊಳ್ಳುವ ಆಸೆ ಹುಟ್ಟಿತೇ? ಹಾಗಿದ್ದರೆ ಮೊದಲು ಹಿಂಬದಿಯ ಚೀಟಿ ನೋಡಿ. ಜಪಾನಿನ ಮನೆಗಳ ಕರೆಂಟು 100 ವೋಲ್ಟ್, ನಮ್ಮದು 230. ಜಪಾನಿನ ಪೇಟೆಗೆಂದೇ ಮಾಡಿದ ವಾದ್ಯವನ್ನು ನೇರ ನಮ್ಮ ಗೋಡೆಯ ಪ್ಲಗ್ಗಿಗೆ ಚುಚ್ಚಿದರೆ ಮೊದಲ ಸ್ವರದ ಬದಲು ಮೊದಲ ಹೊಗೆ! ನಡುವೆ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಇದನ್ನು ಮಾತ್ರ ಮರೆಯಬೇಡಿ.

ಇಂಥ ಹಲವು ವಾದ್ಯಗಳೊಳಗೆ ಒಂದು ರೂಪಾಯಿ ಅಗಲದ ಲಿಥಿಯಂ ಸೆಲ್ ಇರುತ್ತದೆ. ನೀವು ಹೊಂದಿಸಿ ಉಳಿಸಿದ ದನಿಗಳೆಲ್ಲ ನಿಂತಿರುವುದು ಅದರ ಮೇಲೆ. ವರ್ಷಗಳ ಮೇಲೆ ಸೆಲ್ ಸತ್ತ ದಿನ, ಉಳಿಸಿದ್ದೆಲ್ಲ ಅಳಿಸಿಹೋಗುತ್ತದೆ. ಕಾರ್ಖಾನೆಯ ದನಿಗಳು ಮಾತ್ರ ಹಾಗೇ ಇರುತ್ತವೆ. ಕೆಲವದರಲ್ಲಿ ಸೆಲ್ ಬೆಸುಗೆ ಹಾಕಿ ಕೂರಿಸಿರುತ್ತಾರೆ. ಬದಲಿಸಲು ಸಾಲ್ಡರಿಂಗ್ ಬಲ್ಲವರೇ ಬೇಕು!

ಹಳೆಯ ವಾದ್ಯದಿಂದ ಸೊಳ್ಳೆ ಗುಂಯ್‌ಗುಟ್ಟಿದಂಥ ಸದ್ದು ಬಂದರೆ ಸ್ಪೀಕರನ್ನು ಬೈಯಬೇಡಿ. ಕೂಗುತ್ತಿರುವುದು ಪರದೆ! ಹಸಿರು ನೀಲಿ ಬೆಳಕು ಚೆಲ್ಲುವ ಆ ಕಾಲದ ಪರದೆಗಳ ಹಿಂದಿನ ಹಾಳೆ ಹೊಳೆಯಲು ಹೆಚ್ಚು ವೋಲ್ಟೇಜಿನ ವಿದ್ಯುತ್ ಬೇಕು. ಅದನ್ನು ಒದಗಿಸುವ ಪುಟಾಣಿ ಬಿಡಿಭಾಗದ ಗೊಣಗಾಟ ಅದು.

ರೋಲ್ಯಾಂಡಿನ ಡಿ-70, ಜೆಡಿ-800ರಂಥ ಕೀಬೋರ್ಡುಗಳದ್ದು ಇನ್ನೂ ವಿಚಿತ್ರ ಕಾಯಿಲೆ. ಕೀಗಳ ಅಡಿ ತೂಕದ ತುಂಡುಗಳನ್ನು ಅಂಟಿಸಲು ಬಳಸಿದ ಕೆಂಪು ಗೋಂದು ವರ್ಷಗಳ ಮೇಲೆ ಮತ್ತೆ ಕರಗಿ ಸೋರತೊಡಗುತ್ತದೆ! ಒಳಗೆಲ್ಲ ಕೆಂಪು ಅಂಟು. ಬಿಡಿಸಲು ಕೀಗಳನ್ನು ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಹಾಕುವವರೂ ಇದ್ದಾರೆ.

ಪೆಡಲ್ ಜೋಡಿಸಿದಿರಿ. ಕಾಲಿಟ್ಟರೆ ನಾದ ಕತ್ತರಿಸುತ್ತದೆ, ಕಾಲೆತ್ತಿದರೆ ಮೊಳಗುತ್ತದೆ. ಎಲ್ಲ ತಿರುಗುಮುರುಗು! ಭೂತವೇನೂ ಹೊಕ್ಕಿಲ್ಲ. ಕಂಪನಿಯಿಂದ ಕಂಪನಿಗೆ ಪೆಡಲಿನ ಸ್ವಿಚ್ ಉಲ್ಟಾ ಇರುತ್ತದೆ, ಅಷ್ಟೇ. ಹಲವು ವಾದ್ಯಗಳು ಆನ್ ಆಗುವ ಕ್ಷಣದಲ್ಲಿ ಪೆಡಲ್ ಹೇಗಿದೆಯೋ ಅದನ್ನೇ ಕಾಲಿಡದ ಸ್ಥಿತಿ ಎಂದು ಗುರುತಿಟ್ಟುಕೊಳ್ಳುತ್ತವೆ. ಹಾಗಾಗಿ ಆನ್ ಮಾಡುವಾಗ ಪೆಡಲ್ ಮೇಲೆ ಕಾಲಿಟ್ಟಿದ್ದರೂ ಇದೇ ಪಾಡು!

ಹೆಡ್‌ಫೋನ್ ಹಾಕಿಕೊಂಡು ನಡುರಾತ್ರಿ ನುಡಿಸಿದರೆ ಯಾರಿಗೂ ಕೇಳಿಸದು ಅಂದುಕೊಂಡಿರಾ? ಅಪಾರ್ಟ್‌ಮೆಂಟಿನ ಕೆಳಮನೆಯವರನ್ನು ಕೇಳಿ. ತೂಕದ ಕೀಗಳು ತಳಕ್ಕೆ ಬಡಿಯುವ ಧಡ್ ಧಡ್ ಸ್ಟ್ಯಾಂಡಿನ ಕಾಲುಗಳ ಮೂಲಕ ನೆಲಕ್ಕಿಳಿಯುತ್ತದೆ. ಕೆಳಗೆ ದಪ್ಪ ರಬ್ಬರ್ ಹಾಸು ಹಾಕಿದರೆ ನೆರೆಹೊರೆಯ ಪ್ರೀತಿ ಉಳಿಯುತ್ತದೆ!

ಗಾಯಕರ ಶ್ರುತಿ ಬಿಳಿ ನಾಲ್ಕೋ ಕಪ್ಪು ಎರಡೋ? ಹಾರ್ಮೋನಿಯಂ ನುಡಿಸುವವರು ಅದಕ್ಕೆ ತಕ್ಕಂತೆ ಬೆರಳುಗಳನ್ನೇ ಸರಿಸಿಕೊಳ್ಳಬೇಕು. ಡಿಜಿಟಲ್ ಪಿಯಾನೋದಲ್ಲಿ ಟ್ರಾನ್ಸ್‌ಪೋಸ್ ಗುಂಡಿ ಒತ್ತಿದರೆ ಆಯಿತು. ಬೆರಳು ಇದ್ದಲ್ಲೇ, ಶ್ರುತಿ ಬೇರೆ!

ನಮ್ಮ ಆಕಾಶವಾಣಿಯಲ್ಲಿ 1940ರಿಂದ 1971ರವರೆಗೆ ಹಾರ್ಮೋನಿಯಂಗೆ ನಿಷೇಧವಿತ್ತು! ಸ್ವರದಿಂದ ಸ್ವರಕ್ಕೆ ಜಾರಲಾರದ ವಾದ್ಯ ಎಂಬುದು ದೊಡ್ಡ ದೂರು. ಮುಂದೆ ಬಂದ ಎಷ್ಟೋ ಸ್ಟೇಜ್ ಪಿಯಾನೋಗಳ ಎಡಗಡೆ ಸ್ವರ ಬಾಗಿಸುವ ಪಿಚ್ ಬೆಂಡ್ ಬಂತು. ಬಲಗೈ ಸ್ವರ ಹಿಡಿದರೆ ಎಡಗೈ ಗಮಕ ತರುತ್ತದೆ. ಆ ಬಾಗಿಸುವಿಕೆಗೆ ಡಿಜಿಟಲ್ ಭಾಷೆಯಲ್ಲಿ ಎಷ್ಟು ಮೆಟ್ಟಿಲುಗಳಿವೆ ಗೊತ್ತೇ? 16,384!

ಪಿಯಾನೋ ಮಾತು ಬಂದಾಗ ಮೈಸೂರನ್ನು ಬಿಡಲಾದೀತೇ? ಜಯಚಾಮರಾಜೇಂದ್ರ ಒಡೆಯರ್ ಪಾಶ್ಚಾತ್ಯ ಸಂಗೀತ ಕಲಿತು ಪಿಯಾನೋ ನುಡಿಸುತ್ತಿದ್ದ ಮಹಾರಾಜರು. ಲಂಡನ್ನಿನಲ್ಲಿ ಅನಾರೋಗ್ಯದಿಂದ ಬಳಲುತ್ತಿದ್ದ ರಷ್ಯಾದ ಪಿಯಾನೋ ರಚನಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು 1940ರ ದಶಕದಲ್ಲಿ ರೆಕಾರ್ಡ್ ಮಾಡಿಸಲು ಹಣ ಕೊಟ್ಟರು. ನುಡಿಸಿದ್ದು ಸ್ವತಃ ಮೆಟ್ನರ್! ಅವರು ತಮ್ಮ ಮೂರನೇ ಪಿಯಾನೋ ಕಂಚೆರ್ಟೊವನ್ನು ಅರ್ಪಿಸಿದ್ದು ಯಾರಿಗೆ? ಮೈಸೂರು ಮಹಾರಾಜರಿಗೆ! ತಂತಿಯ ಪಿಯಾನೋದ ಕಥೆಯಿದು, ಆದರೂ ಹೇಳದೆ ಇರಲಾರೆ.

ಕೊನೆಗೆ ಹಳೆಯ ಪಿಯಾನೋದ ಬೆನ್ನಿನಲ್ಲಿರುವ ಐದು ತೂತಿನ ದುಂಡು ಕಿಂಡಿ ನೋಡಿ. ಅದೇ ಮಿಡಿ. ವಾದ್ಯಗಳು ಒಂದಕ್ಕೊಂದು ಮಾತಾಡುವ ಭಾಷೆ. ಐದು ತೂತುಗಳಿದ್ದರೂ ಅದು ಬಳಸುವುದು ಮೂರನ್ನೇ!

ಈ ಭಾಷೆ ಮೂಡಿದ್ದು ಎದುರಾಳಿಗಳು ಕೈಜೋಡಿಸಿದ್ದರಿಂದ. ಜಪಾನಿನ ಕಾಕೆಹಾಶಿ ಮತ್ತು ಅಮೆರಿಕದ ಡೇವ್ ಸ್ಮಿತ್ ಮುಂದೆ ನಿಂತರು. 1983ರ ಜನವರಿಯಲ್ಲಿ ಅಮೆರಿಕದ ವಾದ್ಯಮೇಳದಲ್ಲಿ ಇಬ್ಬರ ಕಂಪನಿಗಳ ಒಂದೊಂದು ವಾದ್ಯವನ್ನು ತಂತಿಯಿಂದ ಜೋಡಿಸಿ, ಒಂದನ್ನು ನುಡಿಸಿದರು. ಎರಡೂ ನುಡಿದವು! 2013ರಲ್ಲಿ ಇಬ್ಬರಿಗೂ ತಾಂತ್ರಿಕ ಗ್ರ್ಯಾಮಿ ಗೌರವ ಸಿಕ್ಕಿತು.

ಮಿಡಿ ತಂತಿಯಲ್ಲಿ ಸಂಗೀತ ಹರಿಯುವುದೇ ಇಲ್ಲ! ಯಾವ ಕೀ, ಎಷ್ಟು ವೇಗ, ಯಾವಾಗ ಬಿಟ್ಟಿರಿ ಎಂಬ ಸುದ್ದಿ ಮಾತ್ರ ಹರಿಯುತ್ತದೆ. ನಿಮ್ಮ ಬೆರಳಿನ ಸೂಕ್ಷ್ಮಕ್ಕೆ ಅದು ಕೊಡುವ ಅಂಕ 1ರಿಂದ 127. ಇನ್ನೂ ಸೋಜಿಗ ಬೇಕೇ? ಆ ಸುದ್ದಿ ಇನ್ನೊಂದು ವಾದ್ಯದ ಹೊಸ್ತಿಲು ದಾಟುವುದು ಬೆಳಕಾಗಿ! ಒಳಗಿನ ಪುಟ್ಟ ಬಿಡಿಭಾಗವೊಂದು ವಿದ್ಯುತ್ತನ್ನು ಬೆಳಕಾಗಿಸಿ ಮತ್ತೆ ವಿದ್ಯುತ್ತಾಗಿಸುತ್ತದೆ. ಒಂದರ ಕರೆಂಟು ಇನ್ನೊಂದಕ್ಕೆ ತಗುಲಬಾರದೆಂದು ಈ ಏರ್ಪಾಡು.

ಅದಕ್ಕೇ 1986ರ ಪಿಯಾನೋವನ್ನು ಈಗಲೂ ಒಂದು ಪುಟ್ಟ ಯುಎಸ್‌ಬಿ ಮಿಡಿ ಕೇಬಲ್‌ನಿಂದ ಲ್ಯಾಪ್‌ಟಾಪಿಗೋ ಫೋನಿಗೋ ಜೋಡಿಸಬಹುದು. ಫೋನಿನೊಳಗಿನ ಇಂದಿನ ಪಿಯಾನೋ ದನಿಯನ್ನು ಅಂದಿನ ಕೀಗಳಿಂದ ನುಡಿಸಬಹುದು. ಈ ಭಾಷೆಯ ಮುಂದಿನ ಆವೃತ್ತಿ ಮಿಡಿ 2.0 ಪ್ರಕಟವಾದದ್ದು 2020ರಲ್ಲಿ. ಅಂದರೆ 37 ವರ್ಷ 1.0 ಆವೃತ್ತಿಯೇ ಜಗತ್ತಿನ ವಾದ್ಯಗಳನ್ನೆಲ್ಲ ಮಾತಾಡಿಸಿತು. ಅಷ್ಟೇ ಅಲ್ಲ, ಹೊಸ 2.0 ಕೂಡ ಹಳೆಯ 1.0 ವಾದ್ಯಗಳ ಮಾತು ಕೇಳುವಂತೆಯೇ ರೂಪಿಸಿದ್ದಾರೆ!